ಮಗುಚಿ ಹಾಕಿದ ಕಲ್ಲುಗಳು

ಇದನ್ನು ಹೇಳಲು ನೀನು ಯಾರು ಎಂದು ಕೇಳಿದರೆ ನಾನೊಬ್ಬ ಮಾಲಿ ಅಷ್ಟೇ, ಕ್ಷಮಿಸಿ. ಬರೆಯಲು ಕಲಿತದ್ದು ಸಂಜೆ ತರಗತಿಯಲ್ಲಿ, ಕೆಲಸ ಉದ್ಯಾನದ ಗಿಡಗಳ ನಡುವೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಉದ್ಯಾನದ ಪಂಪ್‌ಮನೆಯ ಹಿಂದೆ, ಎತ್ತರದ ಬೇಲಿಗಿಡಗಳೊಳಗೆ, ಚಪ್ಪಡಿಕಲ್ಲಿನ ಕಾಲುದಾರಿಯೊಂದಿತ್ತು. ಎಲ್ಲಿಗೂ ಹೋಗದ ದಾರಿ. ನನಗಿಂತ ಮೊದಲು ಅಲ್ಲಿ ಮಾಲಿಯಾಗಿದ್ದ ನನ್ನ ಮಾವ ಕೆಲಸ ಬಿಟ್ಟ ಮೇಲೂ ದಿನಾ ಬಂದು ಅದರ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಿದ್ದರು.

"ದಾರಿ ಇರೋದು ನಡೆಯೋಕೆ ಮಾವ" ಎಂದು ಛೇಡಿಸಿದರೆ, "ನಿನ್ನ ದಾರಿ ನೀನು ನೋಡ್ಕೊಳ್ಳಮ್ಮ" ಎನ್ನುತ್ತಿದ್ದರು.

ಮೊನ್ನೆ ಆ ದಾರಿ ಸಮ ಮಾಡಲು ಗಾರೆ ಮೇಸ್ತ್ರಿ ಬಂದರು. ಮಾವ ಬರುವಷ್ಟರಲ್ಲಿ ಕಲ್ಲುಗಳನ್ನೆಲ್ಲ ಎಬ್ಬಿಸಿ, ತಮ್ಮ ಅಭ್ಯಾಸದಂತೆ ದೊಡ್ಡವು ಒಂದು ಕಡೆ, ಚಿಕ್ಕವು ಒಂದು ಕಡೆ ಒಟ್ಟಿದ್ದರು.

"ತಲೆಕೆಳಗಾಗಿ ಹಾಕಿದ್ದಾನೆ ನೋಡಿ, ಯಾರೋ ನನ್ನಂಥ ಬುದ್ಧಿವಂತ" ಎಂದು ಮೇಸ್ತ್ರಿ ನನಗೆ ತೋರಿಸಿದರು.

ಕಲ್ಲುಗಳ ಅಡಿಮುಖದಲ್ಲಿ ಕೆತ್ತಿದ ಹೆಸರುಗಳಿದ್ದವು. ಚುಕ್ಕಿ. ತುಂಟಿ. ಇನ್ನೊಂದರಲ್ಲಿ, 'ಗುಂಡ, ನಮ್ಮ ಬಾಗಿಲ ಕಾವಲುಗಾರ'.

ಮಾವ ಬಂದವರೇ ಹುಲ್ಲಿನ ಮೇಲೆ ಕುಳಿತರು.

"ಆಗ ನಾನು ಹೊಸಬ. ಜನ ತಾವು ಸಾಕಿ ಸತ್ತ ನಾಯಿ, ಬೆಕ್ಕು, ಗಿಳಿ ತಂದು ಇಲ್ಲಿ ಹೂತು, ಹೆಸರು ಕೆತ್ತಿದ ಕಲ್ಲು ಹಾಕ್ತಿದ್ರು. ಕಲ್ಲು ಕಿತ್ತು ಬಿಸಾಕಿ ಅಂತ ಮೇಲಿಂದ ಆರ್ಡರ್ ಬಂತು. ನಾವು ಮಾಲಿಗಳು ಒಂದೊಂದನ್ನೂ ಇದ್ದಲ್ಲೇ ಮಗುಚಿ ಹಾಕಿದ್ವಿ. ಸಾಹೇಬರು ನೋಡಿ, ಒಳ್ಳೇ ದಾರಿ ಮಾಡಿದ್ದೀರಿ ಅಂತ ಹೊಗಳಿ ಹೋದರು. ಯಾರಿಗೂ ಹೇಳಲ್ಲ, ಕಾಯ್ತೀವಿ ಅಂತ ಒಬ್ಬರಿಗೊಬ್ಬರು ಮಾತು ಕೊಟ್ಟಿದ್ವಿ. ಉಳಿದಿರೋದು ನಾನೊಬ್ಬನೇ. ಯಾರ ಕಲ್ಲು ಯಾರ ಮೇಲೆ ಅಂತ ಈಗ ಹೇಗಮ್ಮ ಹೇಳಲಿ?"

ಮೇಸ್ತ್ರಿ ಕರಣೆ ಕೆಳಗಿಟ್ಟರು. "ಬಯ್ದುಬಿಡಿ ಯಜಮಾನ್ರೇ. ಕಲ್ಲೆಲ್ಲ ಕಲೆಸಿದ್ದು ನಾನೇ."

ಏನು ಮಾಡಲೂ ತೋಚದೆ ನಾನು ಬಗ್ಗಿ ಮಣ್ಣು ನೋಡಿದೆ. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಕಲ್ಲು ಎದ್ದ ಜಾಗದ ಜೇಡಿಮಣ್ಣಿನಲ್ಲಿ ಅಕ್ಷರಗಳು ಉಬ್ಬಿ ನಿಂತಿದ್ದವು, ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡು. ಮುಂದಿನ ಗುಳಿಯಲ್ಲೂ. ಅದರ ಮುಂದಿನದರಲ್ಲೂ. ಇಷ್ಟು ವರ್ಷ ಮಣ್ಣು ಆ ಹೆಸರುಗಳನ್ನು ಹಿಡಿದುಕೊಂಡೇ ಇತ್ತು. ಅವರಿಬ್ಬರನ್ನೂ ಕರೆದೆನೋ ಇಲ್ಲವೋ ನೆನಪಿಲ್ಲ. ಮೂವರೂ ಮಂಡಿಯೂರಿದ್ದೆವು, ಉಸಿರು ತಾಗಿ ಎಲ್ಲಿ ಅಳಿಸುತ್ತದೋ ಎಂಬಂತೆ.

ಸಂಜೆಯವರೆಗೂ ಹೆಸರಿಗೆ ಹೆಸರು ಹೊಂದಿಸಿದೆವು.

"ಮುಖ ಮೇಲಕ್ಕಾ, ಕೆಳಕ್ಕಾ?" ಮೇಸ್ತ್ರಿ ಮೆಲ್ಲಗೆ ಕೇಳಿದರು.

"ಮೇಲಕ್ಕೇ ಹಾಕಪ್ಪ. ಬಚ್ಚಿಟ್ಟಿದ್ದು ಸಾಕು."

ಕೊನೆಗೆ ಎರಡೂ ಕಡೆ ಬೋಳಾದ ಒಂದು ಚಿಕ್ಕ ಕಲ್ಲು, ಅಕ್ಷರವಿಲ್ಲದ ಒಂದು ಗುಳಿ ಉಳಿದವು. ಆ ಕಲ್ಲನ್ನು ಮಾವ ಯಾರ ಕೈಗೂ ಕೊಡದೆ ತಾವೇ ಕೂರಿಸಿದರು.

"ಅದು ಯಾರದು ಮಾವ?"

"ನಂದು."

ಅಷ್ಟೇ. ಮಾವ ಅಲ್ಲಿ ಹೂತದ್ದು ನಾಯಿಯೋ ಬೆಕ್ಕೋ, ಅದಕ್ಕೆ ಹೆಸರೇ ಇರಲಿಲ್ಲವೋ, ಇದ್ದೂ ಕೆತ್ತಿಸಲಿಲ್ಲವೋ, ನನಗೆ ಗೊತ್ತಿಲ್ಲ.