ಅರಮನೆಯ ಸೊಸೆಯರ ವಕೀಲೆ ಬೊಡಿಲ್ ಕ್ನೌಯರ್

ಜರ್ಮನಿಯ ಕೋಬುರ್ಗಿನ ಅರಮನೆಯ ಮುಂದಿನ ಚೌಕದಲ್ಲಿ ದೊರೆ ಎರ್ನ್‌ಸ್ಟನ ಕಂಚಿನ ಪ್ರತಿಮೆಯಿದೆ. ಊರಿನವರೆಲ್ಲ ಅದರ ಬುಡದಲ್ಲೇ ಹಾದು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಬೊಡಿಲ್ ಕ್ನೌಯರ್ ಮಾತ್ರ ಎಷ್ಟೇ ಹಿಮ ಬಿದ್ದಿರಲಿ, ಎಷ್ಟೇ ಹೊತ್ತಾಗಿರಲಿ, ಇಡೀ ಚೌಕವನ್ನು ಬಳಸಿಕೊಂಡು, ಪ್ರತಿಮೆಯ ಕಡೆಗೆ ಕೊಡೆಯನ್ನು ವಾಲಿಸಿಕೊಂಡು, ದಾಪುಗಾಲು ಹಾಕುತ್ತ ಬರುತ್ತಿದ್ದರು. ಕೇಳಿದವರಿಗೆ ಸಿಗುತ್ತಿದ್ದ ಉತ್ತರ ಒಂದೇ: "ಕಟ್ಕೊಂಡೋಳನ್ನ ಊರು ಬಿಡಿಸ್ದ. ಐದಾರು ವರ್ಷದ ಎರಡು ಗಂಡುಮಕ್ಕಳು ತಾಯಿ ಮುಖ ಮತ್ತೆ ನೋಡದ ಹಾಗೆ ಮಾಡ್ದ. ಅಂಥೋನ ಎದುರಿಗೆ ನಾನ್ಯಾಕೆ ಹಾಯ್ಲಿ?" ಆ ದೊರೆ ಸತ್ತು ನೂರೈವತ್ತು ವರ್ಷ ದಾಟಿತ್ತು. ಬೊಡಿಲ್ ಅವರ ಮಾತಿನಲ್ಲಿ ಮಾತ್ರ ಅವನು ನಿನ್ನೆ ಮೊನ್ನೆ ಜಗಳವಾಡಿಕೊಂಡ ಪಕ್ಕದ ಮನೆಯವನು.

ಅರಮನೆಯನ್ನು ನೋಡಬಂದವರಿಗೆ ಅದನ್ನು ತೋರಿಸಿ ವಿವರಿಸುವುದು ನಮ್ಮಿಬ್ಬರ ಉದ್ಯೋಗವಾಗಿತ್ತು. ನಾನು ಕನ್ನಡನಾಡಿನಿಂದ ಬಂದು ಈ ಊರಿನಲ್ಲೇ ತಲೆ ನರೆಸಿಕೊಂಡವನು. ಅವರು ಡೆನ್ಮಾರ್ಕಿನ ಓಡೆನ್ಸೆಯಿಂದ, ಗೆರ್ವಿನ್ ಕ್ನೌಯರ್ ಎಂಬ ಬಡಗಿಯ ಕೈಹಿಡಿದು ಬಂದವರು. ಎತ್ತರದ ನಿಲುವು, ಅಗಲವಾದ ಮಣಿಕಟ್ಟು, ಗಂಡ ತೀರಿಕೊಂಡ ಮೇಲೆ ಅವನದನ್ನೇ ಸೊಂಟದಲ್ಲಿ ಹಿಡಿಸಿ ತೊಟ್ಟುಕೊಂಡ ಹಸಿರು ಉಣ್ಣೆಯ ಕೋಟು. ಮಾತಿನ ನಡುವೆ ಅವರ ತವರಿನ ಒಂದು ಉದ್ಗಾರ ಬರುತ್ತಿತ್ತು: "ನೋ." ಒಪ್ಪಿಗೆಗೂ ಅದೇ, ಅಪನಂಬಿಕೆಗೂ ಅದೇ, "ಇನ್ನು ಸಾಕು, ಏಳಿ" ಎನ್ನುವುದಕ್ಕೂ ಅದೇ; ಅರ್ಥವೆಲ್ಲ ಅದನ್ನು ಎಷ್ಟು ಎಳೆಯುತ್ತಾರೆ ಎಂಬುದರಲ್ಲಿತ್ತು.

ರಾಜರುಗಳನ್ನು ತೂಗುವುದಕ್ಕೆ ಅವರದೇ ಒಂದು ತಕ್ಕಡಿಯಿತ್ತು. ಗೆದ್ದ ಯುದ್ಧ, ಆಳಿದ ವರ್ಷ, ಕಟ್ಟಿಸಿದ ಸೌಧ ಯಾವುದೂ ಅದರಲ್ಲಿ ತೂಗುತ್ತಿರಲಿಲ್ಲ. ಪರದೇಶದಿಂದ ಆ ಮನೆಗೆ ಬಂದ ಹೆಣ್ಣುಮಗಳನ್ನು ಹೇಗೆ ನೋಡಿಕೊಂಡರು ಎಂಬುದೊಂದೇ ಪ್ರಶ್ನೆ. ಕೋಬುರ್ಗಿನಂಥ ಊರಿನಲ್ಲಿ ಆ ಪ್ರಶ್ನೆ ಅಸಂಗತವೇನೂ ಅಲ್ಲ. ಅಂಗೈಯಗಲದ ಈ ಸಂಸ್ಥಾನ ಲಂಡನ್ನಿಗೆ, ಬ್ರಸೆಲ್ಸಿಗೆ, ಲಿಸ್ಬನ್ನಿಗೆ ವರರನ್ನೂ ದೊರೆಗಳನ್ನೂ ಕೊಟ್ಟಿತು. ಹದಿನಾಲ್ಕರ ಒಂದು ಹುಡುಗಿಯನ್ನು ರಷ್ಯಕ್ಕೂ ಕಳಿಸಿತು. ಊರು ಹೊರನಾಡಿಗೆ ಅಳಿಯಂದಿರಾಗಿ ಹೋದವರ ಹೆಸರು ಹೇಳಿ ಬೀಗುತ್ತಿದ್ದರೆ, ಬೊಡಿಲ್ ರಷ್ಯದಲ್ಲಿ ಅತ್ತು ಕಡೆಗೆ ಗಂಡನನ್ನು ಬಿಟ್ಟುಬಂದ ಆ ಯೂಲಿಯಾನೆಯ ಚಿತ್ರದ ಮುಂದೆ ಜನರನ್ನು ನಿಲ್ಲಿಸುತ್ತಿದ್ದರು.

"ವಿಯೆನ್ನಾದ ಫ್ರಾಂತ್ಸ್ ಯೋಸೆಫ್ ಅರವತ್ತೆಂಟು ವರ್ಷ ಆಳಿದ, ನಮ್ಮ ವಿಕ್ಟೋರಿಯಾ ಅರವತ್ತಮೂರೇ, ಅಲ್ವೇ ಮೇಡಂ?" ಎಂದು ಯಾರೋ ಒಮ್ಮೆ ತಮ್ಮ ಪಾಂಡಿತ್ಯ ತೋರಿಸಿದರು.

"ಗೋಡೆ ಮೇಲಿನ ಗಡಿಯಾರಾನೂ ಅಷ್ಟೇ ವರ್ಷ ಕೂತಿತ್ತು. ಅವನ ಮನೇಲಿ ಸೊಸೆ ಪಾಡು ಏನಾಗಿತ್ತು, ಅದನ್ನ ಹೇಳಿ" ಎಂದರು ಬೊಡಿಲ್. ಬಳಿಕ ತಾವೇ ಹೇಳಿದರು: ಹದಿನಾರರ ಎಲಿಸಬೆತ್ ಅವನ ಹೆಂಡತಿಯಾಗಿ ಆ ಮನೆಗೆ ಬಂದದ್ದು, ಅತ್ತೆ ಸೋಫಿ ಹೆರಿಗೆಯ ಕೋಣೆಯಿಂದಲೇ ಮಗುವನ್ನು ತನ್ನ ಕಡೆಗೆ ಎತ್ತಿಕೊಂಡು ಹೋದದ್ದು. ಆ ಮನೆ ನಪಾಸು. ತಮ್ಮ ತವರಿನ ಕ್ರಿಸ್ಟಿಯಾನ್ ದೊರೆಗೆ ಒಳ್ಳೆಯ ಅಂಕಗಳೊಂದಿಗೆ ಪಾಸು. ಬೇಸಿಗೆಯಲ್ಲಿ ಇಂಗ್ಲೆಂಡಿನ ಮಗಳು, ರಷ್ಯದ ಮಗಳು, ಅಳಿಯಂದಿರು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರನ್ನೂ ಸೇರಿಸಿ, ರಾಜಕೀಯದ ಮಾತು ಊಟದ ಮೇಜಿಗೆ ಬರಕೂಡದೆಂದು ಕಟ್ಟಳೆ ಮಾಡಿದವನು. ವಿಕ್ಟೋರಿಯಾಗೆ ಅರ್ಧ ಅಂಕ ಕಳೆಯುವುದೋ ಬೇಡವೋ ಎಂಬ ಜಿಜ್ಞಾಸೆ ವರ್ಷಗಟ್ಟಲೆ ನಡೆದೇ ಇತ್ತು. ಪಾಪ, ಜನ ಇಷ್ಟೆಲ್ಲ ಕೇಳಿಸಿಕೊಳ್ಳುತ್ತಿದ್ದದ್ದು ಆ ರಾಣಿ ಬಳಸಿದಳೆಂಬ ಶೌಚದ ಕೋಣೆ ನೋಡುವ ಆಸೆಯಿಂದ.

ಕನ್ನಡದ ನಂಟಸ್ತಿಕೆಯ ಪದಗಳೆಂದರೆ ಅವರಿಗೆ ಪ್ರಾಣ. ವಿಕ್ಟೋರಿಯಾಗೆ ಆಲ್ಬರ್ಟ್ ಸೋದರಮಾವನ ಮಗ, ನಮ್ಮಲ್ಲಿ ಸಲ್ಲುವ ಸಂಬಂಧ ಎಂದಾಗ ಹಿಗ್ಗಿದರು. ಇಂಗ್ಲೆಂಡಿನ ಜಾರ್ಜ್, ರಷ್ಯದ ನಿಕೊಲಾಯ್ ಇಬ್ಬರ ತಾಯಂದಿರೂ ಡೆನ್ಮಾರ್ಕಿನ ಅಕ್ಕತಂಗಿಯರಾದ್ದರಿಂದ ಅವರು ನಮ್ಮ ಲೆಕ್ಕದಲ್ಲಿ ಅಣ್ಣತಮ್ಮಂದಿರು, ಜರ್ಮನಿಯ ಕೈಸರನಾದರೋ ಜಾರ್ಜನಿಗೆ ಸೋದರತ್ತೆಯ ಮಗ, ಭಾವ ಎಂದೆ. ಎಲಿಸಬೆತ್ ಮದುವೆಯಾದದ್ದು ದೊಡ್ಡಮ್ಮನ ಮಗನನ್ನು, ನಮ್ಮಲ್ಲಿ ಅವನು ಅಣ್ಣನಾಗುತ್ತಿದ್ದ ಎಂದಾಗ ಅವರು ಮೆಟ್ಟಿಲ ಮೇಲೇ ಕುಳಿತುಬಿಟ್ಟರು.

"ನೋ! ನಿಮ್ಮಜ್ಜಿ ಒಬ್ಬರು ವಿಯೆನ್ನಾದಲ್ಲಿ ಇದ್ದಿದ್ರೆ ಆ ಹುಡುಗಿ ಬಚಾವಾಗ್ತಿದ್ಳು. ನಮ್ಮೋರು ಎಲ್ಲಾರ್ಗೂ ಕಸಿನ್ ಅಂತ ಒಂದೇ ಪದ ಇಟ್ಕೊಂಡು, ಯಾರು ಏನಾಗ್ಬೇಕು ಅಂತ ತಿಳೀದೆ ಮಹಾಯುದ್ಧದಲ್ಲಿ ಬಡಿದಾಡ್ಕೊಂಡು ಸತ್ರು."

ಈ ಪಕ್ಷಪಾತದ ಬೇರು ಒಂದು ಪಾತ್ರೆ ಕುದಿನೀರಿನಲ್ಲಿತ್ತು. ಹೊಸದಾಗಿ ಬಂದಾಗ ಅತ್ತೆ ಅವರಿಂದ ಆಲೂಗಡ್ಡೆಯ ಕಡುಬು ಮಾಡಿಸಿದರಂತೆ. ಉಂಡೆಗಳು ನೀರಿನಲ್ಲಿ ಒಡೆದು ಗಂಜಿಯಾದವು. ಅತ್ತೆ ಬೈಯಲಿಲ್ಲ. ನೆಂಟರಿಗೆಲ್ಲ ಒಂದೊಂದು ಸೌಟು ಬಡಿಸಿ, "ಡೆನ್ಮಾರ್ಕಿನ ಸೂಪು, ಚಪ್ಪರಿಸ್ರಿ" ಎಂದರು. ಆ ನಗೆಯನ್ನು ಹೊತ್ತುಕೊಂಡೇ ಬೊಡಿಲ್ ಗ್ರಂಥಾಲಯಕ್ಕೆ ಹೋಗಲು ತೊಡಗಿದರು; ತಮಗಿಂತ ಮೊದಲು ಪರರ ಮನೆಯಲ್ಲಿ ಹೀಗೆ ನಗೆಗೀಡಾದ ಹೆಣ್ಣುಗಳನ್ನು ಒಂದೊಂದೇ ಸಿಂಹಾಸನದ ಪಕ್ಕದಿಂದ ಎಬ್ಬಿಸಿ ಮಾತಾಡಿಸಿದರು.

ಹೀಗಿರಲು ಅವರ ಒಬ್ಬನೇ ಮಗ ಆಸ್ಮುಸ್, ಬಲ್ಗೇರಿಯದ ಪ್ಲೋವ್‌ದಿವ್ ಊರಿನ ರಾಲಿತ್ಸಾ ಎಂಬವಳನ್ನು ಮದುವೆಯಾಗಿ ಬಂದು ಕೋಬುರ್ಗಿನಲ್ಲೇ ಬೇರೆ ಮನೆ ಹೂಡಿದ. ಬೊಡಿಲ್ ಆನಂದದಿಂದ ತೇಲಿದರು. "ಕೋಬುರ್ಗಿನೋನು ಬಲ್ಗೇರಿಯಾನ ಆಳಿದ್ದ, ಈಗ ಬಲ್ಗೇರಿಯಾದೋಳು ಕೋಬುರ್ಗನ್ನ ಆಳ್ಲಿ ಬಿಡಿ!" ಎಂದು ಮಾರುಕಟ್ಟೆಯಲ್ಲಿ ಸಾಸೇಜು ಸುಡುವವನ ಮುಂದೆಯೂ ಸಾರಿದರು. ಹುಡುಗಿ ಮಿತಭಾಷಿ. ಆಡಿದ ನಾಲ್ಕು ಜರ್ಮನ್ ಮಾತಿನಲ್ಲಿ ಎರಡು ಲಿಂಗ ತಪ್ಪಿದರೆ ಅತ್ತೆ ಪ್ರೀತಿಯಿಂದಲೇ ತಿದ್ದುತ್ತಿದ್ದರು. ಅವಳ ಅಡುಗೆಮನೆಯ ಡಬ್ಬಿಗಳನ್ನು ಪ್ರೀತಿಯಿಂದಲೇ ಮರುಜೋಡಿಸುತ್ತಿದ್ದರು. ಮಗುವಾದ ಮೇಲಂತೂ, "ನೀನು ಸುಧಾರಿಸ್ಕೋ ಮಗಳೇ" ಎಂದು, ಗೆರ್ವಿನ್ ತನ್ನ ಕೈಯಾರೆ ಮಾಡಿದ್ದ ತೊಟ್ಟಿಲನ್ನು ತಮ್ಮ ಮನೆಯಲ್ಲೇ ಹೂಡಿ, ಬಿಡುವಿದ್ದಾಗಲೆಲ್ಲ ಕೂಸನ್ನು ಅಲ್ಲಿಗೇ ಎತ್ತಿಕೊಂಡು ಬರತೊಡಗಿದರು. ನಾವೆಲ್ಲ ಎಂಥ ಅತ್ತೆ ಎಂದು ಹೊಗಳಿದೆವು.

ಒಂದು ಭಾನುವಾರ ಬೊಡಿಲ್ ಅವರ ತಂಡದ ಹಿಂದೆ ಟಿಕೆಟು ಕೊಂಡು ರಾಲಿತ್ಸಾ ನಿಂತಿದ್ದಳು. ಆ ದಿನ ಬಾಗಿಲುಗಳನ್ನು ತೆರೆದು ಮುಚ್ಚುವ ಸರದಿ ನನ್ನದು, ನಾನೂ ಜೊತೆಯಲ್ಲಿದ್ದೆ. ವಿಯೆನ್ನಾದ ಕಥೆ ಬಂತು. ಸೋಫಿ ಮಗುವನ್ನು ಎತ್ತಿಕೊಂಡು ಹೋದಳು. ಕೇಳಿದವರು ಎಂದಿನಂತೆ "ಛೆ" ಎಂದರು. ಆಗ ಹಿಂದಿನಿಂದ ಮೆಲುದನಿ ಬಂತು.

"ಒಂದು ಕೇಳ್ಲಾ? ಆ ಅತ್ತೆಗೆ ತಾನು ತಪ್ಪು ಮಾಡ್ತಿದೀನಿ ಅಂತ ಅನ್ನಿಸ್ತಿತ್ತಾ?"

ಬೊಡಿಲ್ ಯಾರೆಂದು ನೋಡದೆಯೇ ಉತ್ತರಿಸಿದರು. "ಇಲ್ಲವೇ ಇಲ್ಲ. ಉಪಕಾರ ಮಾಡ್ತಿದೀನಿ ಅಂತಾನೇ ಅಂದ್ಕೊಂಡಿದ್ಳು. ಹುಡುಗಿ ಸಣ್ಣೋಳು, ಏನೂ ತಿಳೀದು, ಸುಧಾರಿಸ್ಕೊಳ್ಲಿ ಅಂತ..."

ತಲೆಗಳ ನಡುವೆ ಅವರ ಕಣ್ಣು ಸೊಸೆಯನ್ನು ಹುಡುಕಿತು. ರಾಲಿತ್ಸಾ ಮುಖ ತಗ್ಗಿಸಲಿಲ್ಲ. ಕೆನ್ನೆ ಮಾತ್ರ ಕೆಂಪಾಗಿತ್ತು. "ನೋ" ಎಂದರು ಬೊಡಿಲ್. ಅಷ್ಟು ಮೋಟಾದ "ನೋ"ವನ್ನು ನಾನು ಅವರ ಬಾಯಲ್ಲಿ ಅದುವರೆಗೆ ಕೇಳಿರಲಿಲ್ಲ. ಆದರೂ ಅರ್ಧಕ್ಕೆ ಬಿಟ್ಟು ಹೋಗುವ ಜಾಯಮಾನ ಅವರದಲ್ಲ. ಉಳಿದ ಕೋಣೆಗಳನ್ನೆಲ್ಲ ತೋರಿಸಿ, ಶೌಚದ ಕೋಣೆಯ ಹಾಸ್ಯವನ್ನೂ ಹೇಳಿ ಮುಗಿಸಿ, ಕೋಟು ತೊಟ್ಟು ನನ್ನ ತೋಳು ಹಿಡಿದರು.

"ನಿಮಗೆ ಭಾರ ಎತ್ತೋಕೆ ಆಗುತ್ತಾ? ಹಾಗಾದ್ರೆ ನಡೀರಿ."

ಆ ತೊಟ್ಟಿಲನ್ನು ನಾವಿಬ್ಬರೂ ಎರಡು ತುದಿ ಹಿಡಿದು ಹಾಡಹಗಲೇ ಊರ ನಡುವೆ ಹೊತ್ತು ನಡೆದೆವು. ಓಕ್ ಮರದ್ದು, ಹೆಣಭಾರ. ಮಾರುಕಟ್ಟೆಯಲ್ಲಿ ಸಾಸೇಜಿನವನು "ಏನಜ್ಜಿ, ಇನ್ನೊಂದಾ?" ಎಂದು ಕೂಗಿದ. "ನಿನ್ನ ಬಾಯಿಗೆ ಸಾಸಿವೆ ಹಾಕ" ಎಂದು ಹೇಳಿ ಇವರು ಮುಂದೆ ನಡೆದರು.

ಬಾಗಿಲು ತೆರೆದ ರಾಲಿತ್ಸಾ ತೊಟ್ಟಿಲನ್ನೂ ಅತ್ತೆಯನ್ನೂ ನೋಡಿದಳು.

"ಇದು ಇರಬೇಕಾದ್ದು ಇಲ್ಲಿ" ಎಂದರು ಬೊಡಿಲ್, ಏದುಸಿರು ಬಿಡುತ್ತ.

"ಮಗು?"

"ಮಗೂನೂ. ನೀನು ಕರೆದಾಗ ಬರ್ತೀನಿ. ಕರೀದಿದ್ರೆ... ಕರೀದಿದ್ರೆ ಬೇಜಾರಾಗುತ್ತೆ. ಆದ್ರೆ ಬರಲ್ಲ."

ರಾಲಿತ್ಸಾ ತೊಟ್ಟಿಲ ನನ್ನ ಕಡೆಯ ತುದಿಗೆ ಕೈಹಾಕಿದಳು. "ಗುರುವಾರ ಬನ್ನಿ, ಮಾಮೋ. ಚೀಸಿನ ಬಾನಿತ್ಸಾ ಮಾಡ್ತೀನಿ." ಮಾಮೋ ಎಂದರೆ ಅವಳ ಊರಿನಲ್ಲಿ ಅಮ್ಮ; ಬಾನಿತ್ಸಾ ಎಂದರೆ ಪದರು ಪದರಾಗಿ ಬೇಯಿಸುವ ತಿಂಡಿ. ಒಳಗೆ ಹೋಗುತ್ತ ಸೇರಿಸಿದಳು: "ಆದ್ರೆ ಮಾಡೋವಾಗ ಅಡುಗೆಮನೆಗೆ ಬರಬೇಡಿ."

ಬೊಡಿಲ್ ಬೀದಿಗೆಲ್ಲ ಕೇಳುವಂತೆ ನಕ್ಕರು.

ಗುರುವಾರ ಅವರು ಹೋದರು. ಅಡುಗೆಮನೆಯ ಹೊಸ್ತಿಲವರೆಗೆ ಎರಡು ಸಲ ಹೋಗಿ ಹಿಂದಿರುಗಿದರೆಂದು ಆಸ್ಮುಸ್ ನನಗೆ ಆಮೇಲೆ ಹೇಳಿದ. ಸೊಸೆಯ ಲಿಂಗದೋಷಗಳನ್ನು ತಿದ್ದುವುದನ್ನು ಪೂರ್ತಿ ಬಿಡಲು ಅವರಿಗೆ ಇನ್ನೊಂದು ಚಳಿಗಾಲವೇ ಬೇಕಾಯಿತು. ಅಷ್ಟರಲ್ಲಿ ಅವಳ ಜರ್ಮನ್ ಅವರದಕ್ಕಿಂತ ಚೆನ್ನಾಗಿತ್ತು. ಅರಮನೆಯ ವಿವರಣೆಯಲ್ಲೂ ಒಂದು ವಾಕ್ಯ ಸೇರಿಕೊಂಡಿತು. ವಿಯೆನ್ನಾದ ಸೋಫಿಯ ಬಗ್ಗೆ ಹೇಳುವಾಗ, ಅವಳೂ ನಾಲ್ಕೈದು ವರ್ಷದ ಒಬ್ಬಳೇ ಮಗಳನ್ನು ಮಣ್ಣಿಗಿಟ್ಟವಳು, ಇನ್ನೊಂದು ಕೂಸನ್ನು ಕಣ್ಣಿಂದಾಚೆ ಬಿಡಲು ಅವಳಿಗೆ ಆಗದೆ ಹೋಗಿರಬೇಕು ಎನ್ನುತ್ತಿದ್ದರು. ಹಾಗೆಂದು ಆ ಮನೆಯನ್ನು ಪಾಸು ಮಾಡಲಿಲ್ಲ. ನಪಾಸು ನಪಾಸೇ, ಕಾರಣ ಬರೆದ ನಪಾಸು, ಅಷ್ಟೇ.

ಲೋಕದಲ್ಲಿ ನ್ಯಾಯವಂತರೆಂಬ ಹೆಸರು ಹೆಚ್ಚಾಗಿ ಯಾರ ಪಕ್ಷವನ್ನೂ ವಹಿಸದವರಿಗೆ ಸಲ್ಲುತ್ತದೆ. ನನಗೆ ಅಂಥವರ ಮೇಲೆ ಗೌರವವಿದೆ, ನಂಬಿಕೆ ಸಾಲದು. ತಾವೊಮ್ಮೆ ನೊಂದ ಕಡೆಯಲ್ಲೇ ಕಾಲೂರಿ ನಿಂತು, ಅಲ್ಲಿಂದಲೇ ಚಕ್ರವರ್ತಿಗಳನ್ನೂ ವಿಚಾರಣೆಗೆ ಕರೆಯುವ, ಪಕ್ಷಪಾತವನ್ನು ಮುಚ್ಚಿಡದ ಈ ಜಾತಿಯ ಜನರೇ ನ್ಯಾಯವನ್ನು ಬದುಕಿಸಿಟ್ಟವರು; ಏಕೆಂದರೆ, ತಮ್ಮದೇ ಕಾನೂನು ತಮ್ಮ ಹೆಸರು ಹಿಡಿದು ಕೂಗಿದ ದಿನ, ಅವರು ಓಗೊಟ್ಟು ಕಟಕಟೆಗೆ ನಡೆದು ಬರುತ್ತಾರೆ.