ತಗಡಿನ ಮನೆಯ ಬಾಣಂತಿ

ಆ ಬೇಸಿಗೆಯಲ್ಲಿ ರಾಜೇಶ್ವರಿಯ ದನಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಓಣಿಗಳಲ್ಲೆಲ್ಲ ತಿರುಗುತ್ತಿತ್ತು. ಬಿಸಿಲಿನಿಂದ ಜನರನ್ನು ಕಾಯಲೆಂದು ಹುಟ್ಟಿದ ‘ನೆರಳು ಬಳಗ’ ಎಂಬ ಸಂಸ್ಥೆಗೆ ಅವಳು ಇಂಡಿಯ ಕಾರ್ಯಕರ್ತೆ. ಮಾತು ಸ್ಪಷ್ಟವಾಗಿದೆಯೆಂದು ಅವಳಿಂದಲೇ ಓದಿಸಿ, ರೆಕಾರ್ಡು ಮಾಡಿ, ಆಟೋಗಳಿಗೆ ಮೈಕು ಕಟ್ಟಿ ಬಿಟ್ಟಿದ್ದರು. ‘ಹನ್ನೆರಡರಿಂದ ನಾಲ್ಕರವರೆಗೆ ಮನೆಯೊಳಗೇ ಇರಿ. ಬಾಗಿಲು, ಕಿಟಕಿ ಮುಚ್ಚಿಕೊಳ್ಳಿ.’ ಯಾವುದೋ ದೊಡ್ಡ ಶಹರಕ್ಕೆಂದು ಬರೆದದ್ದನ್ನೇ ಇಲ್ಲಿಗೂ ಕಳಿಸಿದ್ದರು.

ಏಪ್ರಿಲ್ ಕೊನೆಯಲ್ಲಿ, ಇಂಡಿಯ ಊರಂಚಿನ ತಗಡಿನ ಮನೆಗಳ ಸಾಲಿನಲ್ಲಿ ಶಾಹಿಸ್ತಾ ಎಂಬ ಬಾಣಂತಿಯ ಹನ್ನೊಂದು ದಿನದ ಕೂಸು ತೀರಿಕೊಂಡಿತು.

ಸುದ್ದಿ ಕೇಳಿ ರಾಜೇಶ್ವರಿ ಹೋದಳು. ಮೇಲೂ ತಗಡು, ಸುತ್ತಲೂ ತಗಡು. ಕಾದ ತಗಡಿಗೆ ಒರಗಲಾಗದೆ ಶಾಹಿಸ್ತಾ ನಡುವೆ ಕೂತಿದ್ದಳು. ಅವಳ ತಾಯಿ ಸೈದಾಬಿ ಮಾತಾಡಿದಳು.

‘ದಿನಾ ಮಧ್ಯಾಹ್ನ ಇಕಿನ್ನೂ ಕೂಸಿನ್ನೂ ಬೇವಿನ ಗಿಡದ ಬುಡಕ ಕೂಡಸ್ತಿದ್ನಿರಿ, ಸೀರಿ ಅಡ್ಡ ಕಟ್ಟಿ. ಆಮ್ಯಾಲ ಆಟೋ ಬಂತು. ಒಳಗ ಇರ್ರಿ, ಬಾಗಲಾ ಮುಚ್ಚರಿ ಅಂತು. ಓದಿದವರು ಹೇಳಾಕತ್ತಾರ, ಖರೇನ ಇರಬೇಕಂತ ಮುಚ್ಚಿದ್ವಿ.’

ಶಾಹಿಸ್ತಾ ತಲೆಯೆತ್ತಿದಳು. ‘ಆಟೋದಾಗಿನ ದನಿ ನಿಮ್ಮದ ಏನ್ರಿ?’

‘ಹೌದ್ರಿ.’

ಶಾಹಿಸ್ತಾ ಮುಖ ತಿರುಗಿಸಿ ಕೂತಳು. ರಾಜೇಶ್ವರಿಗೆ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ.

ಮರುದಿನ ಮಧ್ಯಾಹ್ನ ಅವಳು ತಾಪಮಾಪಕ ಹಿಡಿದು ಅದೇ ಓಣಿಗೆ ಬಂದಳು. ಬೇವಿನ ನೆರಳಲ್ಲಿ ನಲವತ್ತೆರಡು, ಬಾಗಿಲು ಮುಚ್ಚಿದ ತಗಡಿನ ಮನೆಯಲ್ಲಿ ನಲವತ್ತೆಂಟು. ಬಳಗದ ಮುಖ್ಯಸ್ಥ ಶ್ರೀಶೈಲನ ಮುಂದೆ ಅಂಕಿಗಳನ್ನಿಟ್ಟಳು.

‘ಮಣ್ಣಿನ ಮಾಳಿಗಿ ಇದ್ದವರಿಗೆ ಒಳಗ ತಂಪರಿ. ತಗಡಿನವರಿಗೆ ಅದು ಒಲಿ. ಎಲ್ಲಾರಿಗೂ ಒಂದ ಮಾತು ಹೆಂಗ ಹೇಳೂದು?’

‘ಖರೆ ಐತವಾ. ಆದರ ಬರಹ ಮ್ಯಾಲಿಂದ ಪಾಸಾಗಿ ಬಂದೈತಿ. ಪತ್ರ ಬರೀತೇನಿ.’

‘ಉತ್ತರ ಬರೂದ್ರಾಗ?’

‘ಮಳಿ ಬರ್ತೈತಿ,’ ಎಂದ. ಹಾಸ್ಯಕ್ಕೆ ಹೇಳಿದ್ದಲ್ಲ.

ಅಲ್ಲಿಂದ ಅವಳು ನೇರ ಕಾಳಿನ ವ್ಯಾಪಾರಿ ರಾಚಪ್ಪನ ಬಳಿ ಹೋದಳು. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಮಣ್ಣು ಹೊದಿಸಿದ ಮಾಳಿಗೆಯ ಅವನ ಗೋದಾಮು ತೊಗರಿ ಖಾಲಿಯಾದ ಮೇಲೆ ಬೀಗ ಹಾಕಿಕೊಂಡು ನಿಂತಿತ್ತು. ಕೂಸಿನ ಸುದ್ದಿ ಕೇಳಿ ರಾಚಪ್ಪ ಎದ್ದು ಒಳಗೆ ಹೋಗಿ ಬಂದ. ‘ಬೀಡಿ ಸೇದಂಗಿಲ್ಲ. ಐದಕ್ಕ ಖಾಲಿ ಮಾಡ್ಬೇಕು,’ ಎಂದು ಕೀಲಿ ಕೊಟ್ಟ.

ಮರುದಿನ ರೆಕಾರ್ಡು ನಿಲ್ಲಿಸಿ, ಆಟೋದಲ್ಲಿ ತಾನೇ ಮೈಕು ಹಿಡಿದು ಕೂತಳು. ‘ತಗಡಿನ ಮನ್ಯಾಗ ಇರೋರು ಮಧ್ಯಾಹ್ನ ಒಳಗ ಇರಬ್ಯಾಡ್ರಿ. ಕೂಸು, ಮುದುಕರನ್ನ ಕರಕೊಂಡು ರಾಚಪ್ಪನವರ ಗೋದಾಮಿಗಿ ಬರ್ರಿ. ಮೊದಲ ನಾ ಹೇಳಿದ್ದು ತಪ್ಪಿತ್ತು.’

ಮೊದಲ ದಿನ ಏಳು ಜನ ಬಂದರು. ನಾಲ್ಕನೆಯ ದಿನ ಅರವತ್ತಾಯಿತು. ಅಂದೇ ಶ್ರೀಶೈಲ ಫೋನು ಮಾಡಿ, ಅಪ್ಪಣೆಯಿಲ್ಲದೆ ಬರಹ ಬದಲಿಸಿದ್ದಕ್ಕೆ ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದ.

ಮರುದಿನ ಬೆಳಿಗ್ಗೆ ಅವಳು ಗೋದಾಮಿನ ಕಸ ಹೊಡೆಯುತ್ತಿದ್ದಾಗ ಸೈದಾಬಿ ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

‘ಮುದ್ದೇಬಿಹಾಳದಾಗ ನನ್ನ ತಂಗಿ ಮಗಳು ಶಬಾನಾ ಅದಾಳರಿ. ಅಕಿನೂ ಬಾಣಂತಿ, ಅಕಿದೂ ತಗಡಿನ ಮನಿ. ಅಲ್ಲಿ ಆಟೋ ಇನ್ನೂ ತಿರಗಾಕತ್ತೈತಿ. ಹೊರಗ ಕರಕೊಂಡು ಕೂಡ್ರಿ ಅಂತ ಫೋನ್ ಮಾಡಿದ್ನಿ. ಮೈಕಿನಾಗ ಹೇಳಾಕತ್ತಾರ, ನಿನ್ನ ಮಾತು ಹೆಂಗ ಕೇಳೂದು ಅಂದ್ಳು ಅಕಿ ಅತ್ತಿ. ಆ ದನಿ ನಿಮ್ಮದ ಐತಿ, ನೀವ ಬಂದು ಹೇಳ್ರಿ.’

ರಾಜೇಶ್ವರಿ ಕೀಲಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಸ್‌ ಸ್ಟ್ಯಾಂಡಿಗೆ ನಡೆದಳು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಹೂವಿನ ಹಿಪ್ಪರಗಿ ದಾಟುವಾಗ ಹನ್ನೆರಡು ಹೊಡೆದಿತ್ತು, ಬಾಗಿಲು ಮುಚ್ಚುವ ಹೊತ್ತು. ಸೈದಾಬಿ ಎದ್ದು ನಿಂತು, ಇನ್ನೆಷ್ಟು ದೂರ ಎಂದು ಕಂಡಕ್ಟರನನ್ನು ಕೇಳಿದಳು.