ಎಕ್ಸ್‌ರೇ ಕೋಣೆಯ ಹಿಂಬಾಗಿಲು

ಮೂರು ತಿಂಗಳಲ್ಲಿ ಅವಳು ನಮ್ಮ ಎಕ್ಸ್‌ರೇ ಕೋಣೆಗೆ ಬಂದದ್ದು ಇದು ಮೂರನೆಯ ಸಲ. ಮೊದಲು ಮಣಿಕಟ್ಟು, ಆಮೇಲೆ ಪಕ್ಕೆಲುಬು, ಇವತ್ತು ದವಡೆ. ಬಾಯಿಗೆ ಒತ್ತಿಕೊಂಡಿದ್ದ ಟವೆಲ್ಲು ರಕ್ತದಲ್ಲಿ ನೆನೆದಿತ್ತು. ಪಕ್ಕದಲ್ಲಿ ಇಸ್ತ್ರಿ ಅಂಗಿಯ ಗಂಡ.

"ಮೆಟ್ಟಿಲಿಂದ ಬಿದ್ಲು," ಎಂದು ಅವನೇ ಹೇಳಿದ. "ಕಣ್ಣು ಎಲ್ಲಿಟ್ಕೊಂಡು ನಡೀತಾಳೋ."

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಚೀಟಿ ತೆಗೆದುಕೊಂಡು ರೋಗಿಯನ್ನು ಮೇಜಿನ ಮೇಲೆ ಮಲಗಿಸುವುದಷ್ಟೇ ನನ್ನ ಕೆಲಸ. ಯಂತ್ರ ಮುಟ್ಟುವವರು ಟೆಕ್ನಿಷಿಯನ್ ಅಕ್ಕ.

ಕಳೆದ ಸಲ ಅಕ್ಕ ಕೆಳಗಿನ ಮಹಿಳಾ ಸಹಾಯ ಕೇಂದ್ರದ ಮೇಡಂಗೆ ಫೋನ್ ಮಾಡಿದ್ದರು. ಮೇಡಂ ಬಂದು ಬಾಗಿಲ ಹೊರಗಿನ ಬೆಂಚಿನ ಮುಂದೆ, ಅವನೆದುರಿಗೇ, "ಮನೇಲಿ ಏನಾದ್ರೂ ತೊಂದರೆ ಇದೆಯೇನಮ್ಮಾ?" ಎಂದು ಕೇಳಿದ್ದರು. ಅವಳು ಇಲ್ಲವೆಂದಳು. ಆಗ ಅವನ ಹೆಬ್ಬೆರಳು ಅವಳ ಮುರಿದ ಪಕ್ಕೆಯನ್ನು ಒತ್ತುತ್ತಿದ್ದುದನ್ನು ನಾನೊಬ್ಬಳೇ ನೋಡಿದೆ. ಆ ಪ್ರಶ್ನೆಯ ಫಲ ಈ ದವಡೆ.

"ಅಕ್ಕಾ, ಹಿಂದಿನ ಬಾಗಿಲಿಂದ ಮೇಡಂನ ಕರೀರಿ," ಎಂದೆ. "ಫಿಲ್ಮ್ ತೊಳೆಯೋ ಕೋಣೆ ಕಡೆಯಿಂದ. ಇಲ್ಲಿ ಒಳಗೆ ಅವನು ಬರೋ ಹಾಗಿಲ್ಲ."

"ಅಬ್ಬಾ, ಬಾಯಿ ಬಂತಲ್ಲೇ ನಿಂಗೆ! ಇಷ್ಟು ದಿನ ಎಲ್ಲಿ ಅಡವಿಟ್ಟಿದ್ದೆ?" ಎನ್ನುತ್ತಲೇ ಅಕ್ಕ ಫೋನ್ ಎತ್ತಿಕೊಂಡರು.

ಅವಳನ್ನು ಒಳಗೆ ಕರೆದೆ. ಹಿಂದೆಯೇ ಗಂಡನೂ ಕಾಲಿಟ್ಟ. "ಕಿರಣ ಬೀಳುತ್ತೆ, ಹೊರಗಿರಿ," ಎಂದು ಅವನನ್ನು ಆಚೆ ಕಳಿಸಿ ಚಿಲಕ ಜಡಿದೆ.

ಮೇಡಂ ಹಿಂದಿನಿಂದ ಬಂದು ಅವಳ ಮುಖದ ಬಳಿ ಬಗ್ಗಿದರು. "ಏನು ಮಾಡಿದ್ರೆ ನೀನು ಇವನನ್ನ ಬಿಟ್ಟು ಹೊರಡ್ತೀಯ?"

ಅವಳು ಹಲ್ಲಿನ ಸಂದಿಯಿಂದ ಹೇಳಿದಳು: "ಮಗಳು... ಶಾಲೇಲಿದಾಳೆ. ನಾನು ತಪ್ಪಿಸ್ಕೊಂಡ್ರೆ ಅವಳನ್ನ ಕೊಲ್ತಾನಂತೆ."

ಶಾಲೆಗೆ ಗಾಡಿಯಲ್ಲಿ ಇಪ್ಪತ್ತು ನಿಮಿಷ. ಅವನಿಗಿಂತ ಮೊದಲು ತಲುಪಬೇಕು. ಮೇಡಂ ಅವಳನ್ನು ತಬ್ಬಿ ಹಿಡಿದುಕೊಂಡು ಹಿಂಬಾಗಿಲಿನಿಂದ ಇಳಿದರು.

ಹತ್ತು ನಿಮಿಷ ಅವನು ಹೊರಗೆ ಕಾದ. ಆಮೇಲೆ ಬಾಗಿಲು ಬಡಿದ. ಆಮೇಲೆ ಒದ್ದ.

"ಒಂದು ಫೋಟೋ ತೆಗೆಯೋಕೆ ಎಷ್ಟು ಹೊತ್ತು ಬೇಕ್ರೀ?"

"ಅಲುಗಾಡಿಬಿಟ್ರು, ಇನ್ನೊಂದು ತೆಗೀಬೇಕು!" ಎಂದು ಅಕ್ಕ ಕೂಗಿದರು. ಆಸ್ಪತ್ರೆಯ ಕಾವಲಿನವರಿಗೆ ಫೋನ್ ಹೋಗುತ್ತಲೇ ಇತ್ತು, ಯಾರೂ ಎತ್ತುತ್ತಿರಲಿಲ್ಲ. ನಾಲ್ಕನೇ ಒದೆತಕ್ಕೆ ಚಿಲಕ ಕಿತ್ತುಬಂತು.

ಖಾಲಿ ಮೇಜು ನೋಡಿದವನೇ ನನ್ನ ಜಡೆ ಹಿಡಿದು ತಲೆಯನ್ನು ಅದರ ಅಂಚಿಗೆ ಚಚ್ಚಿದ. "ಎಲ್ಲಿ ಅವಳು?" ಕಣ್ಣಿಗೆ ರಕ್ತ ಇಳಿಯಿತು. ಮತ್ತೆ ಚಚ್ಚಿದ. "ಎಲ್ಲೇ?" ಅಕ್ಕ ಗೂಟದಲ್ಲಿದ್ದ, ಕಿರಣ ತಡೆಯುವ ಭಾರದ ಸೀಸದ ಏಪ್ರನ್ನನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮುಖಕ್ಕೆ ಬೀಸಿದರು. ಅವನ ಮೂಗು ಒಡೆಯಿತು. ಅವನು ಅಕ್ಕನ ಹೊಟ್ಟೆಗೆ ಒದ್ದು ಕೆಡವಿದ. ಆಮೇಲೆ ತಟ್ಟನೆ ನಿಂತು, "ಶಾಲೆ," ಎಂದುಕೊಂಡು ಬಾಗಿಲಿನತ್ತ ತಿರುಗಿದ.

ನಾನು ನೆಲದಲ್ಲಿದ್ದೆ. ಅವನ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಬೂಟಿನ ಹಿಮ್ಮಡಿಯಲ್ಲಿ ನನ್ನ ಬೆರಳುಗಳನ್ನು ತುಳಿದ. ಒಂದು ಮುರಿಯಿತು, ಇನ್ನೊಂದೂ ಮುರಿಯಿತು. ಮುಖಕ್ಕೆ ಒದ್ದ. ಬಾಯಲ್ಲಿ ಹಲ್ಲಿನ ಚೂರು ಸಿಕ್ಕಿತು. ಬಿಡಲಿಲ್ಲ. ನನ್ನನ್ನು ಎಳೆದುಕೊಂಡೇ ಅವನು ಹೊಸ್ತಿಲವರೆಗೆ ಹೋದ.

ಕೊನೆಗೆ ಕಾವಲಿನವರು ಓಡಿಬಂದು ಅವನನ್ನು ಬೋರಲು ಕೆಡವಿ ಮೇಲೆ ಕೂತರು.

"ಸಿಕ್ಕಿದಾನೆ, ಬಿಡಮ್ಮಾ ಕಾಲು."

"ಮೇಡಂ ಫೋನ್ ಬರಲಿ," ಎಂದೆ.

ಎಷ್ಟು ಹೊತ್ತಾಯಿತೋ. ಅಕ್ಕ ತೆವಳುತ್ತ ಬಂದು ಫೋನನ್ನು ನನ್ನ ಕಿವಿಗೆ ಹಿಡಿದರು. ಓಡುವ ಗಾಡಿಯ ಸದ್ದಿನ ನಡುವೆ ಒಂದು ಪುಟ್ಟ ಹುಡುಗಿ ಕೇಳುತ್ತಿದ್ದಳು, "ಅಮ್ಮಾ, ಬಾಯಿಗೇನಾಯ್ತು?"

ಆಗ ಅವನ ಕಾಲು ಬಿಟ್ಟೆ.